ಸೆರಗು ತೋರಿಸಲು ಹೋಗಿ ಬಣವೆ ಹೊಕ್ಕಿದ್ದು

ನಮ್ಮ ಗಜೇಂದ್ರಗಡದಲ್ಲಿ ಗಾಡಿ ಓಡಿಸುವವರು ಬಹಳ ಮಂದಿ ಇದ್ದಾರೆ. ಫೋನಿನಲ್ಲಿ ಮಾತನಾಡುವವರು ಅದಕ್ಕಿಂತ ಹೆಚ್ಚು. ಆದರೆ ಇವೆರಡನ್ನೂ ಏಕಕಾಲಕ್ಕೆ, ಒಂದರಿಂದ ಇನ್ನೊಂದಕ್ಕೆ ಎಳ್ಳಷ್ಟೂ ಭಂಗ ಬಾರದಂತೆ ನಿರ್ವಹಿಸುವ ಸಾಮರ್ಥ್ಯ ಇಡೀ ಊರಿನಲ್ಲಿ ನನಗೊಬ್ಬನಿಗೇ ಇದೆ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮೊದಲು ಫೋನನ್ನು ಹೆಲ್ಮೆಟ್ಟಿನೊಳಗೆ ಕಿವಿಯ ಹತ್ತಿರ ತುರುಕಿಕೊಳ್ಳುತ್ತಿದ್ದೆ. ಹೀಗೆ ಒಮ್ಮೆ ಮುಶಿಗೇರಿಯ ತನಕ ಮಾತನಾಡುತ್ತಲೇ ಹೋಗಿ, ಮಾತು ಮುಗಿದಾಗ ನಾನು ಹೋಗಬೇಕಾಗಿದ್ದದ್ದು ನರಗುಂದಕ್ಕೆ ಎಂಬುದು ನೆನಪಾಗಿ ತಿರುಗಿ ಬಂದಿದ್ದೆ. ಅದನ್ನು ನಾನು ಚಾಲನೆಯ ದೋಷವೆಂದು ಎಣಿಸಲಿಲ್ಲ. ಗಾಡಿ ಎಲ್ಲಿಗೂ ಗುದ್ದದೆ ಮುಶಿಗೇರಿ ಮುಟ್ಟಿತ್ತಲ್ಲ.

ನಮ್ಮ ಮನೆಯಲ್ಲಿ ಕೈಮಗ್ಗವಿದೆ. ಅದರಲ್ಲಿ ಕುಳಿತು ಸೀರೆ ನೇಯುವವಳು ನನ್ನ ಹೆಂಡತಿ ರತ್ನಾ. ನೇಯ್ದ ಸೀರೆಯನ್ನು ಊರೂರಿಗೆ ಮುಟ್ಟಿಸುವವನು ನಾನು. ಈ ಎರಡರಲ್ಲಿ ಕಷ್ಟದ ಕೆಲಸ ನನ್ನದೇ ಎಂದು ನಾನು ಆಗಾಗ ಹೇಳುತ್ತಿದ್ದೆ. ಮಗ್ಗದ ಸದ್ದಿನಲ್ಲಿ ಅದು ಅವಳಿಗೆ ಕೇಳಿಸುತ್ತಿರಲಿಲ್ಲ. ಅಥವಾ ಕೇಳಿಸಿದರೂ ಉತ್ತರ ಕೊಡುವಷ್ಟು ಬಿಡುವು ಅವಳಿಗೆ ಇರುತ್ತಿರಲಿಲ್ಲ.

ವ್ಯಾಪಾರ ಬೆಳೆದಂತೆ ಫೋನುಗಳೂ ಬೆಳೆದವು. ಹೆಲ್ಮೆಟ್ಟಿನೊಳಗೆ ತುರುಕಿದ ಫೋನಿನಿಂದ ಕಿವಿ ಕೆಂಪಾಗತೊಡಗಿತು. ಆಗ ನಾನು ಸ್ಕೂಟರಿನ ಹ್ಯಾಂಡಲ್ಲಿಗೆ ಒಂದು ಮೊಬೈಲ್ ಸ್ಟ್ಯಾಂಡ್ ಹಾಕಿಸಿದೆ. ಫೋನು ಕನ್ನಡಿಯ ಹಾಗೆ ಮುಖಕ್ಕೆ ಎದುರಾಗಿ ನಿಂತಿತು. ಅದನ್ನು ತೋರಿಸಲು ರತ್ನಾಳನ್ನು ಮಗ್ಗದಿಂದ ಎಬ್ಬಿಸಿ ಹೊರಗೆ ಕರೆದೆ.

"ನೋಡು, ಇನ್ನ ಮುಂದ ಅಂಗಡಿ ಬಾಡಿಗಿ ಹಿಡಿಯೂದ ಬ್ಯಾಡ. ಗಾಡಿನ ಅಂಗಡಿ."

ಅವಳು ಸ್ಟ್ಯಾಂಡನ್ನು ಒಮ್ಮೆ ಅಲುಗಾಡಿಸಿ ನೋಡಿದಳು. "ರಸ್ತೆ ಎಲ್ಲಿ ಕಾಣಸ್ತೈತ್ರಿ ಇದರಾಗ?"

"ರಸ್ತೆ ಇದರಾಗ ಯಾಕ ಕಾಣಬೇಕು? ರಸ್ತೆ ಮುಂದ ಇರತೈತಿ."

"ಹಂಗಾದ್ರ ಮುಂದ ನೋಡ್ರಿ," ಎಂದು ಅವಳು ಒಳಗೆ ಹೋದಳು. ಹೆಂಗಸರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ.

ಅದಾದ ಕೆಲವು ದಿನಕ್ಕೆ ರೋಣದ ಗಿರಿಜಕ್ಕನ ಸೀರೆ ಸಿದ್ಧವಾಯಿತು. ಗಿರಿಜಕ್ಕ ನಮ್ಮ ಹಳೆಯ ಗಿರಾಕಿ. ಮಗಳ ನಿಶ್ಚಯಕ್ಕೆಂದು ಪಟ್ಟೆದಂಚಿನ ಸೀರೆ ಹೇಳಿದ್ದರು. ಕೆಂಪು ಒಡಲು, ಹಳದಿ ಅಂಚು. ನಿಶ್ಚಯ ಅದೇ ದಿನ ರಾತ್ರಿಯ ಊಟಕ್ಕೆ ಮುಂಚೆ. ರತ್ನಾ ಮಧ್ಯಾಹ್ನದ ಹೊತ್ತಿಗೆ ಸೀರೆಯನ್ನು ಮಗ್ಗದಿಂದ ಇಳಿಸಿ, ಎಳೆ ಕತ್ತರಿಸಿ, ಮಡಚಿ, ಬಟ್ಟೆಯ ಚೀಲದಲ್ಲಿಟ್ಟು, ಬಾಯಿ ಕಟ್ಟಿ ಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದಳು.

"ಫೋನ್ ಬಂದ್ರ ಗಾಡಿ ಬಾಜೂಕ ನಿಲ್ಲಿಸಿ ಮಾತಾಡ್ರಿ."

"ಆತು," ಎಂದೆ. ಮದುವೆಯಾದಾಗಿನಿಂದ ನಾನು ಅತ್ಯಂತ ಸಲೀಸಾಗಿ ಹೇಳಲು ಕಲಿತಿರುವ ಮಾತು ಇದು.

ಚೀಲವನ್ನು ಸ್ಕೂಟರಿನ ಮುಂದಿನ ಕೊಂಡಿಗೆ ಸಿಕ್ಕಿಸಿ ಹೊರಟೆ. ಪೇಟೆಯ ಹತ್ತಿರ ಒಬ್ಬ ಪರಿಚಯದವರು ಕರೆದರು, ಚಹಾ ಆಯಿತು, ಚಹಾದ ಜೊತೆ ರಾಜಕೀಯವೂ ಆಯಿತು. ಬಸ್ ನಿಲ್ದಾಣದ ಎದುರಿಗೆ ಬಂದಿದ್ದೆನಷ್ಟೇ, ಗಿರಿಜಕ್ಕನ ಫೋನು ಬಂತು.

"ಎಲ್ಲಿದ್ದೀರಿ ಶಂಕ್ರಣ್ಣಾರ?"

ನಿಜ ಹೇಳಬಹುದಿತ್ತು. ಆದರೆ ಗಿರಾಕಿಯ ಮನಸ್ಸು ನೋಯಿಸುವುದು ವ್ಯಾಪಾರಿಗೆ ಶೋಭೆಯಲ್ಲ. "ಸೂಡಿ ದಾಟೀನ್ರಿ ಅಕ್ಕಾರ," ಎಂದೆ. ಸೂಡಿ ಇರುವುದು ರೋಣದ ಅರ್ಧ ದಾರಿಯಲ್ಲಿ, ನಾನಿನ್ನೂ ಗಜೇಂದ್ರಗಡವನ್ನೇ ಬಿಟ್ಟಿರಲಿಲ್ಲ.

"ಹೌದ್ರಿ? ಹಂಗಾದ್ರ ಬಂದಬಿಟ್ರಿ ತಗೋರಿ. ಬೀಗರು ಬಂದ ಕುಂತಾರ. ಲಗೂ ಬರ್ರಿ."

ಇನ್ನು ನನ್ನ ಮೇಲಿದ್ದ ಹೊಣೆ, ಆಡಿದ ಸುಳ್ಳನ್ನು ಆದಷ್ಟು ಬೇಗ ನಿಜ ಮಾಡುವುದು. ಗಾಡಿಯ ಕಿವಿ ಹಿಂಡಿದೆ. ಹೊಲಗಳು, ಜಾಲಿ ಗಿಡಗಳು, ಎದುರಿಗೆ ಬರುವ ಟಂಟಂ ಆಟೋಗಳು, ಎಲ್ಲ ಹಿಂದೆ ಓಡಿದವು. ಸೂಡಿ ಬಂತು, ಹೋಯಿತು. ಸೂಡಿ ದಾಟಿದೊಡನೆ ನನಗೆ ಎಷ್ಟು ಸಮಾಧಾನವಾಯಿತೆಂದರೆ, ನಾನೀಗ ಸತ್ಯವಂತನಾದೆ ಎಂದು ಒಂದು ಹಾಡನ್ನೂ ಗುನುಗಿದೆ.

ಮುಂದೆ ಒಂದು ಊರು ಬರುತ್ತದೆ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆ ಊರಿನವರು ನನ್ನನ್ನು ಇನ್ನೂ ಚೆನ್ನಾಗಿ ಗುರುತಿಸುತ್ತಾರೆ. ಊರ ಬಾಯಲ್ಲೇ ರಸ್ತೆಯ ಎಡಕ್ಕೆ ಸರಕಾರಿ ಶಾಲೆ. ಬಲಕ್ಕೆ ಒಂದು ಚಹಾದಂಗಡಿ. ಅಂಗಡಿಯ ಪಕ್ಕದಲ್ಲಿ ದನಗಳ ಮೇವಿಗೆಂದು ಒಟ್ಟಿದ ಜೋಳದ ಕಣಿಕೆಯ ದೊಡ್ಡ ಬಣವೆ. ಶಾಲೆ ಬರುವ ಮೊದಲೇ ನಿಧಾನವಾಗಿ ಚಲಿಸಿ ಎಂಬ ಫಲಕವಿದೆ. ಇದೆಲ್ಲ ನನಗೆ ಈಗ ಗೊತ್ತು. ಆಗ ನನಗೆ ಗೊತ್ತಿದ್ದದ್ದು ಫೋನು ಮತ್ತೆ ಬಡಿದುಕೊಳ್ಳುತ್ತಿದೆ ಎಂಬುದಷ್ಟೇ.

ಈ ಸಲ ವಿಡಿಯೋ ಕಾಲು. ಪರದೆಯ ತುಂಬ ಹೆಂಗಸರು. ನಡುವೆ ಗಿರಿಜಕ್ಕ, ಅವರ ಹೆಗಲ ಮೇಲಿಂದ ಇಣುಕುತ್ತಿದ್ದ ಒಬ್ಬ ಮುದುಕಿ.

"ಶಂಕ್ರಣ್ಣಾರ, ನಮ್ಮ ಅತ್ತಿಯಾರು ಒಂದ ಸವನ ಕೇಳಾಕತ್ತಾರ್ರಿ. ಅಂಚು ಹಳದಿನೋ ಹಸರೋ?"

"ಹಳದಿರಿ ಅಕ್ಕಾರ. ನೀವ ಹೇಳಿದ್ರೆಲ್ಲ."

ಮುದುಕಿ ಮುಂದೆ ಬಂದರು. "ಬಾಯಾಗ ಹೇಳಿದ್ರ ಹ್ಯಾಂಗ? ತೋರಸ್ರಿ. ಸೆರಗು ತೋರಸ್ರಿ."

"ಇನ್ನ ಅರ್ಧಾ ತಾಸಿಗೆ ನಿಮ್ಮ ಕೈಯಾಗ ಇರತೈತ್ರಿ ಅಮ್ಮಾರ."

"ನಿಮ್ಮ ಮಾರಿ ಏನ್ ತೋರಸ್ತೀರಿ? ಸೀರಿ ತೋರಸ್ರಿ," ಎಂದರು ಅವರು.

ಗಾಡಿ ನಿಲ್ಲಿಸಿ ತೋರಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಅದನ್ನೇ ಕೇಳಿದರು. ನಿಲ್ಲಿಸಿದರೆ ತಡವಾಗುತ್ತದೆ, ತಡವಾದರೆ ಸೂಡಿಯ ಸುಳ್ಳು ಬಯಲಾಗುತ್ತದೆ. ಆದ್ದರಿಂದ ಬಲಗೈಯಲ್ಲಿ ಗಾಡಿ ಓಡಿಸುತ್ತ, ಎಡಗೈಯಲ್ಲಿ ಚೀಲದ ಗಂಟು ಬಿಚ್ಚಿ, ಸೆರಗಿನ ತುದಿಯನ್ನು ಎಳೆದು ಫೋನಿನ ಮುಂದೆ ಹಿಡಿದೆ. ಎಡಗೈ ಬ್ರೇಕು ಹಿಡಿಯಬೇಕಾದ ಕೈ. ಅದೀಗ ಸೆರಗು ಹಿಡಿದಿತ್ತು.

ಹಿಡಿಯುವ ಭರದಲ್ಲಿ ಹೆಬ್ಬೆರಳು ಪರದೆಯ ಮೇಲೆ ಎಲ್ಲೋ ತಗುಲಿತು. ಕ್ಯಾಮೆರಾ ತಿರುಗಿತು.

"ಸೀರಿ ಎಲ್ಲೈತ್ರಿ? ರಸ್ತೆ ಕಾಣಾಕತ್ತೈತಿ," ಎಂದರು ಮುದುಕಿ.

"ತಡೀರಿ ಅಮ್ಮಾರ, ತಿರಗಸ್ತೀನಿ," ಎಂದು ನಾನು ಪರದೆಯ ಮೇಲೆ ಕಣ್ಣು ನೆಟ್ಟು ಆ ಗುಂಡಿಯನ್ನು ಹುಡುಕತೊಡಗಿದೆ.

ಆಗ ಗಿರಿಜಕ್ಕ ಕೂಗಿದರು. "ಅಣ್ಣಾರ, ಮುಂದ ನೋಡ್ರಿ, ಸಾಲಿ ಹುಡುಗ್ರು."

ರೋಣದಲ್ಲಿ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತ ಹೆಂಗಸಿಗೆ ಶಾಲೆ ಕಂಡಿತ್ತು. ಶಾಲೆಯ ಮುಂದೆಯೇ ಇದ್ದ ನನಗೆ ಕಂಡಿರಲಿಲ್ಲ.

ತಲೆ ಎತ್ತಿದೆ. ರಸ್ತೆಯ ನಡುವೆ ಒಂದು ಪುಟ್ಟ ಹುಡುಗಿ. ಬೆನ್ನಿಗೆ ಅವಳಷ್ಟೇ ದೊಡ್ಡದಾದ ಪಾಟಿಚೀಲ. ಒಂದು ಕೈಯನ್ನು ನೇರವಾಗಿ ಮೇಲೆ ಎತ್ತಿಕೊಂಡು, ಶಾಲೆಯಿಂದ ಚಹಾದಂಗಡಿಯ ಕಡೆಗೆ ದಾಟುತ್ತಿದ್ದಳು. ನನ್ನನ್ನು ನೋಡಿ ಅಲ್ಲಿಯೇ ನಿಂತುಬಿಟ್ಟಳು.

ಸೆರಗು ಬಿಟ್ಟೆ. ಸಿಕ್ಕ ಬ್ರೇಕನ್ನೆಲ್ಲ ಹಿಡಿದೆ. ಹ್ಯಾಂಡಲ್ ಬಲಕ್ಕೆ ತಿರುವಿದೆ. ಅವಳ ಮುಂದಿನಿಂದ, ಒಂದು ಗೇಣಿನ ಅಂತರದಲ್ಲಿ, ಗಾಡಿ ಜಾರುತ್ತ ಹೋಗಿ ರಸ್ತೆಯಿಂದ ಇಳಿದು ಕಣಿಕೆಯ ಬಣವೆಯನ್ನು ಹೊಕ್ಕಿತು. ಗಾಡಿ ನಿಂತಿತು. ನಾನು ನಿಲ್ಲಲಿಲ್ಲ. ಸೊಂಟದ ತನಕ ಬಣವೆಯೊಳಗೆ ಹೋದೆ. ಹೊರಗೆ ಉಳಿದದ್ದು ಎರಡು ಕಾಲು, ಒಂದು ಚಪ್ಪಲಿ.

ಒಳಗೆ ಗವ್ವೆನ್ನುವ ಕತ್ತಲು. ಫೋನು ಎಲ್ಲೋ ನನ್ನ ಪಕ್ಕದಲ್ಲಿಯೇ ಬಿದ್ದಿತ್ತು. ಅದರೊಳಗಿಂದ ಮುದುಕಿಯ ಧ್ವನಿ ಕೇಳಿಸಿತು.

"ಎಲ್ಲಾ ಕತ್ತಲಾತಲ್ಲ. ಅಲ್ಲಿ ಕರೆಂಟ್ ಹೋತೇನ್ರಿ?"

ಫೋನನ್ನು ತಡವಿ ಕಿಸೆಗೆ ಸೇರಿಸುವಷ್ಟರಲ್ಲಿ ಯಾರೋ ನನ್ನ ಕಾಲು ಹಿಡಿದು ಎಳೆದರು. ಮೂಗಿನಲ್ಲಿ, ಕಿವಿಯಲ್ಲಿ, ಅಂಗಿಯ ಒಳಗೆ ಕಣಿಕೆಯ ಒಣ ಎಲೆಯ ರವದಿ ತುಂಬಿಕೊಂಡು ನಾನು ಈ ಲೋಕಕ್ಕೆ ಮರಳಿದೆ. ಎಳೆದವರು ಚಹಾದಂಗಡಿಯ ಇಮಾಮಸಾಬರು. ಆ ಹುಡುಗಿ ಅವರ ಮಗಳು ಆಫ್ರೀನ್. ಶಾಲೆ ಬಿಟ್ಟ ಕೂಡಲೇ ದಿನಾಲೂ ಹೀಗೆ ದಾಟಿ ಅಪ್ಪನ ಅಂಗಡಿಗೆ ಬರುವುದು ಅವಳ ವಾಡಿಕೆಯಂತೆ.

ಕಣ್ಣುಜ್ಜಿಕೊಂಡು ರಸ್ತೆಯ ಕಡೆಗೆ ನೋಡಿದೆ. ಗಾಳಿಗೆ ಹಾರಿದ ಸೆರಗು ಶಾಲೆಯ ಗೇಟಿನ ಚೂಪಾದ ಸರಳಿಗೆ ಸಿಕ್ಕಿಕೊಂಡಿತ್ತು. ಸೀರೆಯ ಇನ್ನೊಂದು ತುದಿ ನನ್ನ ಗಾಡಿಯ ಕೊಂಡಿಯಲ್ಲಿತ್ತು. ನಡುವಿನ ಸೀರೆಯೆಲ್ಲ ರಸ್ತೆಗೆ ಅಡ್ಡಲಾಗಿ, ಸೊಂಟದ ಎತ್ತರಕ್ಕೆ, ನೆಟ್ಟಗೆ ಎಳೆದು ಕಟ್ಟಿದ ಹಾಗೆ ನಿಂತಿತ್ತು. ಕೆಂಪು ಒಡಲು, ಹಳದಿ ಅಂಚು. ಅತ್ತ ಒಂದು ಬಸ್ಸು ನಿಂತಿತ್ತು, ಇತ್ತ ಒಂದು ಟ್ರ್ಯಾಕ್ಟರು ನಿಂತಿತ್ತು. ಶಾಲೆಯ ಮಕ್ಕಳೆಲ್ಲ ಅದರ ಬದಿಯಲ್ಲಿ ಸಾಲಾಗಿ, ಯಾವ ಭಯವೂ ಇಲ್ಲದೆ ರಸ್ತೆ ದಾಟುತ್ತಿದ್ದರು. ಆ ಶಾಲೆ ಶುರುವಾದಾಗಿನಿಂದ ಅದರ ಮುಂದೆ ವಾಹನಗಳು ಇಷ್ಟು ಶಿಸ್ತಿನಿಂದ ನಿಂತದ್ದು ಅದೇ ಮೊದಲಂತೆ. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರರ ಮಿನಿಸ್ಟ್ರು ಬರೋರದಾರೇನ್ರಿ?" ಎಂದು ಕೇಳಿದ.

ಎಲ್ಲರೂ ನಕ್ಕರು. ನಾನೂ ನಗಬೇಕೆಂದಿದ್ದೆ. ಅಷ್ಟರಲ್ಲಿ ಆಫ್ರೀನ್ ನನ್ನ ಮುಂದೆ ಬಂದು ನಿಂತಳು.

"ಕಾಕಾ, ನಾ ಕೈ ಎತ್ತಿದ್ನಿ," ಎಂದಳು. "ಸಾಲ್ಯಾಗ ಅಕ್ಕೋರು ಹೇಳ್ಯಾರ. ಕೈ ಎತ್ತಿದ್ರ ಗಾಡಿಯವ್ರು ನಿಲ್ಲಸ್ತಾರಂತ. ನೀವು ನೋಡಲೇ ಇಲ್ಲ."

ಅವಳು ಅಳುತ್ತಿರಲಿಲ್ಲ. ದೂರುತ್ತಲೂ ಇರಲಿಲ್ಲ. ಪಾಠದಲ್ಲಿ ಏನೋ ತಪ್ಪಿದೆ, ಅದನ್ನು ನನ್ನಿಂದ ತಿಳಿದುಕೊಳ್ಳಬೇಕು ಎಂಬಂತೆ ಕೇಳುತ್ತಿದ್ದಳು. ನಾನು ಅಂಗಡಿಯ ಬೆಂಚಿನ ಮೇಲೆ ಕುಸಿದೆ.

ಇಮಾಮಸಾಬರು ಬೈಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಒಳಗೆ ಹೋಗಿ ಬಸಿಯಲ್ಲಿ ಕಪ್ಪಿಟ್ಟು ಚಹಾ ತಂದರು. "ಕುಡೀರಿ. ಹೆದರೀರಿ ನೀವು," ಎಂದರು. ಹಾಗೆ ಹೇಳುವಾಗ ಇನ್ನೊಂದು ಕೈಯಲ್ಲಿ ಮಗಳನ್ನು ತಮ್ಮ ಮೈಗೆ ಒತ್ತಿಕೊಂಡಿದ್ದರು.

ಆ ವೇಳೆಗೆ ಶಾಲೆಯ ಮುಖ್ಯಾಧ್ಯಾಪಕಿ ಗೇಟಿನಿಂದ ಸೆರಗನ್ನು ಬಿಡಿಸಿ, ಸೀರೆಯನ್ನು ಸುತ್ತಿಕೊಳ್ಳುತ್ತ ಸುತ್ತಿಕೊಳ್ಳುತ್ತ ರಸ್ತೆ ದಾಟಿ ಬಂದರು. ಅವರು ಬರುವ ರೀತಿಗೆ ನಾನು ಎದ್ದು ನಿಂತೆ. ಕೈ ಕಟ್ಟಿಕೊಂಡೆ. ಕಟ್ಟಿಕೊಳ್ಳಲು ಯಾರೂ ಹೇಳಿರಲಿಲ್ಲ.

"ಫೋನಿನಾಗ ಮಾತಾಡಾಕತ್ತಿದ್ರಿ?"

"ಅರ್ಜೆಂಟ್ ಇತ್ರಿ ಮೇಡಂ."

"ಯಾರಿಗೆ ಅರ್ಜೆಂಟ್?"

ಯೋಚಿಸಿದೆ. "ಸೀರಿಗೆ," ಎಂದೆ.

ಸುತ್ತ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಮೇಡಂ ನಗಲಿಲ್ಲ. ಸೀರೆಯ ಸುರುಳಿಯನ್ನು ನನ್ನ ಕೈಗೆ ಕೊಟ್ಟು, "ಇದು ಹರದೈತಿ, ನೋಡ್ರಿ," ಎಂದರು. ಸೆರಗಿನ ಹತ್ತಿರ ಒಂದು ಮೊಳದಷ್ಟು ಸೀಳಿತ್ತು. ಗಾಡಿಯ ಕಡೆಯ ತುದಿಗೆ ಎಣ್ಣೆಯ ಕರಿ ಹತ್ತಿತ್ತು. "ಸೀರಿ ಅಷ್ಟ ಹರದೈತಿ ಅಂತ ಸಮಾಧಾನ ಮಾಡ್ಕೊಂಡ ಮನಿಗೆ ಹೋಗ್ರಿ. ಅಷ್ಟಕ್ಕ ಮುಗದೈತಿ."

ರೋಣಕ್ಕೆ ಹೋಗಲೇಬೇಕಾಗಿತ್ತು. ಸ್ಟ್ಯಾಂಡಿನಲ್ಲಿ ಫೋನು ಇಡಲಿಲ್ಲ. ಗಿರಿಜಕ್ಕನ ಮನೆಯ ತನಕ ಸೈಕಲ್ಲುಗಳೂ ನನ್ನನ್ನು ಹಿಂದೆ ಹಾಕಿ ಹೋದವು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ. ದಾರಿಯಲ್ಲಿ ನಾಯಿ ಅಡ್ಡ ಬಂತು ಎಂಬಲ್ಲಿಂದ ಶುರು ಮಾಡುವುದೆಂದು ನಿರ್ಧರಿಸಿದ್ದೆ. ಬಾಗಿಲಲ್ಲಿ ಕಾಲಿಟ್ಟ ಕೂಡಲೇ ತಿಳಿಯಿತು, ಅದರ ಅಗತ್ಯವಿಲ್ಲ. ವಿಡಿಯೋ ಕಾಲು ಕಟ್ಟಾಗಿರಲಿಲ್ಲ. ನಾನು ಬಣವೆಯಿಂದ ಹೊರಬಿದ್ದದ್ದು, ಆಫ್ರೀನ್ ಕೇಳಿದ್ದು, ಮೇಡಂ ಅಂದದ್ದು, "ಸೀರಿಗೆ" ಎಂದು ನಾನು ಕೊಟ್ಟ ಉತ್ತರ, ಎಲ್ಲವನ್ನೂ ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಟ್ಟಿಗೆ ಕುಳಿತು ಕೇಳಿದ್ದರು.

ಗಿರಿಜಕ್ಕ ಸೀರೆಯ ಕಡೆಗೆ ನೋಡಲಿಲ್ಲ. "ಆ ಕೂಸು ಆರಾಮ ಐತ್ರಿ? ಖರೇ ಹೇಳ್ರಿ," ಎಂದರು. ಅವರ ಕಣ್ಣುಗಳು ಕೆಂಪಾಗಿದ್ದವು. "ನಾವ ಫೋನ್ ಮಾಡಿದ್ದು ತಪ್ಪಾತ್ರಿ."

ಹಾಗೆ ಹೇಳಿ ಅವರು ನನ್ನ ಪಾಲಿನ ತಪ್ಪನ್ನೂ ತಮ್ಮ ತಲೆಯ ಮೇಲೆ ಹಾಕಿಕೊಂಡಾಗ ನನಗೆ ಆ ಬಣವೆಗೇ ಮರಳಿ ಹೋಗೋಣ ಅನ್ನಿಸಿತು. "ಇಲ್ರಿ ಅಕ್ಕಾರ. ಗಾಡಿ ಮ್ಯಾಲ ಫೋನ್ ಎತ್ತಿದ್ದು ನಾನ. ಸೂಡಿ ದಾಟೀನಿ ಅಂದಿದ್ದೂ ಸುಳ್ಳರಿ," ಎಂದೆ.

"ಅದು ಆವಾಗ ಗೊತ್ತಾತ್ರಿ. ಹಿಂದ ಬಸ್ ಸ್ಟ್ಯಾಂಡಿನ ಮೈಕ್ ಕೇಳಸ್ತಿತ್ತು."

ಮದುಮಗಳು ತಾಯಿಯ ಸೀರೆಯನ್ನೇ ಉಟ್ಟಳು. ನಿಶ್ಚಯ ಚೆನ್ನಾಗಿಯೇ ಆಯಿತು. ಮುದುಕಿ ಮಾತ್ರ ಹರಿದ ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿ, "ಹಳದಿನ ಐತಿ. ಅಂವ ಅದೊಂದು ಖರೇ ಹೇಳಿದ್ದ," ಎಂದು ನನಗೆ ನಡತೆಯ ಪ್ರಮಾಣಪತ್ರ ಕೊಟ್ಟರು.

ಮನೆಗೆ ಬಂದಾಗ ಮಗ್ಗ ನಿಂತಿತ್ತು. ಗಿರಿಜಕ್ಕ ಆಗಲೇ ಫೋನು ಮಾಡಿ ಎಲ್ಲ ತಿಳಿಸಿದ್ದರು. ರತ್ನಾ ಸೀರೆಯನ್ನು ಮಡಿಲಲ್ಲಿ ಹಾಕಿಕೊಂಡು, ಸೀಳಿದ ಜಾಗದ ಮೇಲೆ ಬೆರಳಾಡಿಸಿದಳು. ಅವಳು ಬೈಯಲಿ ಎಂದು ಕಾದೆ.

"ನೂಲು ಹರದ್ರ ನಾ ಕೂಡಸ್ತೀನ್ರಿ," ಎಂದಳು. "ಇಡೀ ಸೀರಿ ಹೋದ್ರೂ ಇನ್ನೊಂದು ನೇಯ್ತೀನಿ. ಆ ಕೂಸಿಗೆ ಏನರ ಆಗಿದ್ರ, ನಾವು ಏನ್ ಮಾಡಬೇಕಿತ್ತು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಎದ್ದು ಹೋಗಿ ಪಾನಾ ತಂದು, ಹೊರಗೆ ನಿಂತಿದ್ದ ಗಾಡಿಯಿಂದ ಮೊಬೈಲ್ ಸ್ಟ್ಯಾಂಡನ್ನು ಬಿಚ್ಚಿದಳು. ತಂತ್ರಜ್ಞಾನ ಅವಳಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಒಬ್ಬಳೇ ಆ ಊರಿಗೆ ಹೋಗಿ, ಆಫ್ರೀನ್‌ಳನ್ನು ಕಣ್ಣಾರೆ ನೋಡಿ ಬಂದಳು. ನನ್ನನ್ನು ಕರೆಯಲಿಲ್ಲ. ಬಂದ ಮೇಲೆ ಮತ್ತೆ ಗಿರಿಜಕ್ಕನ ಮಗಳ ಮದುವೆಗೆಂದು ಮಗ್ಗಕ್ಕೆ ಹೊಸ ಸೀರೆ ಹೂಡಿದಳು.

ನಾನು ಪೂರ್ತಿ ಬದಲಾದೆ. ನನ್ನ ಸ್ವಭಾವ ಹೇಗೆಂದರೆ, ಬದಲಾಗುವುದರಲ್ಲಿಯೂ ಅತಿ. ಫೋನನ್ನು ಬಂದ್ ಮಾಡಿ ಸೀಟಿನ ಕೆಳಗಿಟ್ಟು ಕೀಲಿ ಹಾಕುತ್ತೇನೆ. ನಿಧಾನವಾಗಿ ಹೋಗುವುದೇನು, ಯಾವ ಶಾಲೆ ಬಂದರೂ ಆ ಫಲಕದ ಹತ್ತಿರವೇ ಗಾಡಿ ಬಂದ್ ಮಾಡಿ, ಕೆಳಗಿಳಿದು, ಗೇಟು ದಾಟುವ ತನಕ ತಳ್ಳಿಕೊಂಡು ಹೋಗಲು ಶುರು ಮಾಡಿದೆ. ಜಗತ್ತಿನಲ್ಲಿ ಇದಕ್ಕಿಂತ ಸುರಕ್ಷಿತ ಚಾಲನೆ ಇರಲಾರದು ಎಂದು ನನಗೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಆ ಊರಿನ ಶಾಲೆಯ ಮುಂದೆ ಹೀಗೆ ತಳ್ಳುತ್ತಿದ್ದಾಗ ಮೊದಲ ದಿನ ನಾಲ್ಕಾರು ಹುಡುಗರು ಓಡಿ ಬಂದು ಹಿಂದಿನಿಂದ ತಳ್ಳಿದರು. ಒಳ್ಳೆಯ ಮಕ್ಕಳು ಎಂದುಕೊಂಡೆ. ಮುಂದಿನ ವಾರ ಇನ್ನೂ ಹೆಚ್ಚು ಮಕ್ಕಳು ಬಂದರು. ಆಮೇಲೆ ನಾನು ದೂರದಲ್ಲಿ ಕಂಡರೆ ಸಾಕು, "ಪೆಟ್ರೋಲ್ ಇಲ್ಲದ ಕಾಕಾ ಬಂದ್ರು" ಎಂದು ಇಡೀ ಶಾಲೆ ರಸ್ತೆಗೆ ಓಡಿ ಬರತೊಡಗಿತು. ಮುಖ್ಯಾಧ್ಯಾಪಕಿ ಮತ್ತೆ ರಸ್ತೆ ದಾಟಿ ಬಂದರು. ನಾನು ಮತ್ತೆ ಕೈ ಕಟ್ಟಿಕೊಂಡೆ.

"ನಿಮಗ ಕೈ ಮುಗೀತೀನ್ರಿ," ಎಂದರು ಅವರು. "ಎಲ್ಲಾರಂಗ ಗಾಡಿ ಮ್ಯಾಲ ಕುಂತು, ಮುಂದ ನೋಡ್ಕೋತ, ಸಾವಕಾಶ ಹೋಗ್ರಿ. ನಿಮ್ಮ ಕೂಡ ಹುಡುಗ್ರು ರಸ್ತೆಗೆ ಬರೂದು ಕಲ್ತಾವ."

ಆಗುವುದಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಇಮಾಮಸಾಬರು ಅಂಗಡಿಯಿಂದ ಬಂದರು. ಅವರ ಕೈಯಲ್ಲಿ ಒಂದು ಬಾಟಲಿ ಪೆಟ್ರೋಲು, ಜೊತೆಗೆ ಆಫ್ರೀನ್. "ಭಾಳ ದಿವಸದಿಂದ ನೋಡಾಕತ್ತೀನ್ರಿ, ಪಾಪ, ತಳ್ಳಿಕೋತ ಹೊಂಟಿರ್ತೀರಿ. ಸಂಕೋಚ ಮಾಡಬ್ಯಾಡ್ರಿ, ಹಾಕ್ಕೋರಿ," ಎಂದರು.

ಬೇಡ ಎಂದರೂ ಅವರು ಕೇಳಲಿಲ್ಲ. ಟ್ಯಾಂಕಿನ ಮುಚ್ಚಳ ತೆರೆದೆ. ಬೆಳಿಗ್ಗೆ ತಾನೇ ತುಂಬಿಸಿದ್ದೆ, ಅಂಚಿನ ತನಕ ಇತ್ತು. ಇಮಾಮಸಾಬರು ನೋಡಿದರು. ಮೇಡಂ ನೋಡಿದರು. ಆಫ್ರೀನ್ ತುದಿಗಾಲಲ್ಲಿ ನಿಂತು ಒಳಗೆ ಇಣುಕಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ನಿಜವಾಗಿಯೂ ಮರುಕವಾಗಿತ್ತು.

"ಕಾಕಾ," ಎಂದಳು ಮೆಲ್ಲಗೆ, "ನಿಮಗ ಗಾಡಿ ಹೊಡಿಯಾಕ ಬರೂದ ಇಲ್ಲೇನ್ರಿ?"

"ಹೌದವಾ," ಎಂದೆ. "ಈಗ ಕಲಿಯಾಕತ್ತೀನಿ."